ಲಕ್ಕುಂಡಿ: ಮೊದಲು ಗುಡಿಯ ಗೋಡೆ, ಆಮೇಲೆ ಸಂಗ್ರಹಾಲಯ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಹೋದ ವರ್ಷ ಲಕ್ಕುಂಡಿಗೆ ಹೋದಾಗ ಮೊದಲು ಬಸದಿ ಪಕ್ಕದ ಶಿಲ್ಪ ಸಂಗ್ರಹಾಲಯಕ್ಕೇ ಹೊಕ್ಕೆವು. ಅರ್ಧ ತಾಸಿನೊಳಗೆ ನೋಡಿ ಮುಗಿಯಿತು. ಮುರಿದ ಮೂರ್ತಿಗಳೆಲ್ಲ ಒಂದೇ ಥರ ಕಂಡವು, ಫಲಕದಲ್ಲಿ 'ವಿಷ್ಣು, 12ನೇ ಶತಮಾನ' ಎಂಬಂಥ ಒಂದು ಸಾಲು ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಈ ಸಲ ನಮ್ಮವ್ವ ಮತ್ತು ಹತ್ತನೇ ತರಗತಿಯ ಮಗಳನ್ನು ಕರೆದುಕೊಂಡು ಹೋಗಬೇಕೆಂದಿದ್ದೇವೆ. ಅವ್ವನಿಗೆ ಮೊಣಕಾಲು ನೋವು. ಒಂದು ದಿನದಲ್ಲಿ ಏನನ್ನು, ಯಾವ ಕ್ರಮದಲ್ಲಿ, ಹೇಗೆ ನೋಡಬೇಕು?

ಉತ್ತರ: ನೀವು ನೋಡಿದ್ದರಲ್ಲಿ ತಪ್ಪಿಲ್ಲ, ನೋಡಿದ ಕ್ರಮ ತಿರುವುಮುರುವಾಗಿದೆ. ಸಂಗ್ರಹಾಲಯದಲ್ಲಿರುವ ಕಲ್ಲುಗಳಲ್ಲಿ ಹೆಚ್ಚಿನವು ಮೂರ್ತಿಗಳೆಂದು ಒಂಟಿಯಾಗಿ ನಿಲ್ಲಿಸಲು ಮಾಡಿದವಲ್ಲ. ಒಂದು ಗೋಡೆಯಿಂದ ಕಳಚಿದ್ದು, ಒಂದು ಬಾಗಿಲಿನಿಂದ ಬಿದ್ದದ್ದು, ಇನ್ನೊಂದು ಛಾವಣಿಯಿಂದ ಇಳಿದದ್ದು. ಕೂತ ಜಾಗ ಗೊತ್ತಿಲ್ಲದಿದ್ದರೆ ಎಲ್ಲವೂ ಒಂದೇ ಥರ ಕಾಣುವುದು ಸಹಜ. ಆದ್ದರಿಂದ ಮೊದಲು ಪೂರ್ತಿ ನಿಂತಿರುವ ಗುಡಿಯನ್ನು ನೋಡಿ, ಆಮೇಲೆ ಸಂಗ್ರಹಾಲಯಕ್ಕೆ ಹೋಗಿ ಪ್ರತಿ ಕಲ್ಲಿಗೂ ಒಂದೇ ಪ್ರಶ್ನೆ ಕೇಳಿ: ನೀನು ಎಲ್ಲಿ ಕೂತಿದ್ದೆ? ದೇವರ ಹೆಸರು, ಶತಮಾನ ಆಮೇಲಿನ ಮಾತು.

ದಿನ ಆರಿಸುವಾಗ ಒಂದು ಎಚ್ಚರ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಥಳ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಗುಡಿಗಳು ತೆರೆದಿದ್ದರೂ ಸಂಗ್ರಹಾಲಯಕ್ಕೆ ಬೀಗ ಇರುತ್ತದೆ. ಡಿಸೆಂಬರ್–ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ನೂರು ಮಕ್ಕಳು ಒಮ್ಮೆಲೇ ಒಳಹೊಕ್ಕರೆ ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದಲ್ಲಿ, ನಿಲ್ಲಲೂ ಜಾಗವಿರದು, ಹಾಗಾಗಿ ಆ ತಿಂಗಳುಗಳಲ್ಲಿ ಬೆಳಿಗ್ಗೆ ಬೇಗ ಮುಟ್ಟಿ. ಏಪ್ರಿಲ್–ಮೇ ತಿಂಗಳಲ್ಲಿ ಹನ್ನೊಂದರ ನಂತರ ಅಂಗಳದ ಹಾಸುಗಲ್ಲು ಕಾದು ಬರಿಗಾಲಲ್ಲಿ ಹೆಜ್ಜೆ ಇಡಲಾಗದು. ಅವ್ವನಿಗೆ ದಪ್ಪ ಕಾಲುಚೀಲ ಮತ್ತು ಒಂದು ಮಡಚುವ ಸ್ಟೂಲ್ ಇರಲಿ. ಸ್ಟೂಲ್ ಯಾಕೆಂದರೆ, ದಣಿದವರು ಕೂರಲು ಹುಡುಕುವುದು ಕೆತ್ತಿದ ಕಲ್ಲನ್ನೇ.

ಹುಬ್ಬಳ್ಳಿಯಿಂದ ಗದಗ ಸುಮಾರು 58 ಕಿ.ಮೀ., ಅಲ್ಲಿಂದ ಹೊಸಪೇಟೆ ದಾರಿಯಲ್ಲಿ ಲಕ್ಕುಂಡಿ ಸುಮಾರು 12 ಕಿ.ಮೀ. ರೈಲಿನಲ್ಲಿ ಗದಗ ಮುಟ್ಟಿ ಅಲ್ಲಿಂದ ಬಸ್ಸು ಹಿಡಿಯುವುದಾದರೆ, ಲಕ್ಕುಂಡಿಯಲ್ಲಿ ನಿಲ್ಲಿಸುತ್ತಾರೋ ಇಲ್ಲವೋ ಎಂದು ಹತ್ತುವಾಗಲೇ ಕಂಡಕ್ಟರ್‌ನ್ನು ಕೇಳಿ. ಅವ್ವ ಇರುವುದರಿಂದ ಸ್ವಂತ ಗಾಡಿ ಅಥವಾ ಗದಗದಿಂದ ಆಟೋ ಅನುಕೂಲ, ಏಕೆಂದರೆ ಗುಡಿಗಳು ಊರೊಳಗೆ ಅಲ್ಲಲ್ಲಿ ಹರಡಿವೆ. ಒಂಬತ್ತಕ್ಕೆ ಊರು ಮುಟ್ಟುವ ಹಾಗೆ ಹೊರಡಿ. ಈ ಕಲ್ಲಿಗೆ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ, ಮಧ್ಯಾಹ್ನ ಮೂರೂವರೆಯಿಂದ ಐದು ಒಳ್ಳೆಯ ಹೊತ್ತು. ಬಿಸಿಲು ಆಗ ಓರೆಯಾಗಿ ಬೀಳುವುದರಿಂದ ಕಾಲು ಇಂಚಿನ ಕೆತ್ತನೆಗೂ ನೆರಳು ಬಂದು ಗೆರೆ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಮೇಲಿನ ಬಾಗುಸೂರಿನ ನೆರಳು ಗೋಡೆಯ ಅರ್ಧವನ್ನು ಕಪ್ಪಾಗಿಸಿ ಉಳಿದರ್ಧವನ್ನು ಬಿಳಿಚಿಸುತ್ತದೆ. ಆ ಹೊತ್ತನ್ನು ಸಂಗ್ರಹಾಲಯದ ಒಳಗೆ ಕಳೆಯಿರಿ.

ಮೊದಲ ನಿಲುಗಡೆ ಕಾಶಿವಿಶ್ವೇಶ್ವರ ಗುಡಿ. ಎದುರುಬದುರಾಗಿ ಎರಡು ಗರ್ಭಗುಡಿ: ಪಶ್ಚಿಮದಲ್ಲಿ ಪೂರ್ವಕ್ಕೆ ಮುಖ ಮಾಡಿದ ದೊಡ್ಡದು ಶಿವನದು, ಪೂರ್ವದಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಚಿಕ್ಕದು ಸೂರ್ಯನದು. ಬಂದ ಕೂಡಲೇ ಒಳಗೆ ನುಗ್ಗಬೇಡಿ. ಹೊರಗೋಡೆಯ ಒಂದೇ ಒಂದು ಭಾಗ, ಸುಮಾರು ಎರಡು ಮಾರಿನಷ್ಟು ಅಗಲ, ಆರಿಸಿಕೊಂಡು ಅದರ ಎದುರು ಹದಿನೈದು ನಿಮಿಷ ನಿಲ್ಲಿ. ಅವ್ವ ಕೂತೇ ನೋಡಬಹುದು. ಕೆಳಗಿನಿಂದ ಮೇಲಕ್ಕೆ ಓದಿ. ಮೊದಲು ಅಧಿಷ್ಠಾನ, ಅಂದರೆ ಒಂದರ ಮೇಲೊಂದು ಏರಿದ ಅಡ್ಡಪಟ್ಟಿಗಳು. ಅದರ ಮೇಲೆ ಭಿತ್ತಿ. ಭಿತ್ತಿಯಲ್ಲಿ ಅರೆಗಂಬಗಳು, ಅವುಗಳ ತಲೆಯ ಮೇಲೆ ಪುಟ್ಟ ಗೋಪುರಗಳು. ಈ ಕಿರುಗೋಪುರಗಳು ಬರೀ ಅಲಂಕಾರವಲ್ಲ. ಒಂದೊಂದೂ ಒಂದು ಗುಡಿಯ ಚಿಕ್ಕ ಪ್ರತಿ, ದೊಡ್ಡ ಗುಡಿಯ ಮೈಯೆಲ್ಲ ಚಿಕ್ಕ ಗುಡಿಗಳಿಂದ ಕಟ್ಟಿದ್ದು ಎನ್ನುವ ಕಲ್ಪನೆ. ನಡುವೆ ಆಳವಾದ ದೇವಕೋಷ್ಠ, ಅಂದರೆ ಮೂರ್ತಿ ಇಡುವ ಗೂಡು, ಅದರ ಮೇಲೆ ಮಕರತೋರಣ ಇಲ್ಲವೇ ಸಿಂಹಮುಖ. ಅನೇಕ ಕೋಷ್ಠಗಳು ಖಾಲಿ ಇವೆ. ಆ ಖಾಲಿತನವನ್ನು ನೆನಪಿಟ್ಟುಕೊಳ್ಳಿ, ಮಧ್ಯಾಹ್ನ ಬೇಕಾಗುತ್ತದೆ.

ಆಮೇಲೆ ದಕ್ಷಿಣದ ಬಾಗಿಲು. ಲಕ್ಕುಂಡಿಗೆ ಬಂದು ಇದೊಂದನ್ನೇ ಸರಿಯಾಗಿ ನೋಡಿ ಹೋದರೂ ಬಂದದ್ದು ವ್ಯರ್ಥವಲ್ಲ. ಬಾಗಿಲುವಾಡವನ್ನು ಒಳಗಿನಿಂದ ಹೊರಕ್ಕೆ ಪಟ್ಟಿ ಪಟ್ಟಿಯಾಗಿ ಎಣಿಸಿ. ಪ್ರತಿ ಪಟ್ಟಿಗೂ ಶಾಖೆ ಎಂದು ಹೆಸರು. ಎಲೆಬಳ್ಳಿ ಇದ್ದರೆ ಪತ್ರಶಾಖೆ, ಸಿಂಹದಂಥ ಪ್ರಾಣಿ ಒಂದರ ಮೇಲೊಂದು ಏರಿದ್ದರೆ ವ್ಯಾಳಶಾಖೆ, ಕಂಬದ ಆಕಾರ ಇದ್ದರೆ ಸ್ತಂಭಶಾಖೆ. ಸ್ತಂಭಶಾಖೆ ಉಳಿದವಕ್ಕಿಂತ ಮುಂದೆ ಚಾಚಿರುತ್ತದೆ, ಹಾಗಾಗಿ ಮೊದಲು ಅದನ್ನು ಹಿಡಿದು ಆಚೀಚೆ ಎಣಿಸಿದರೆ ತಪ್ಪುವುದಿಲ್ಲ. ಮೇಲಿನ ಅಡ್ಡತೊಲೆಯ ನಡುವೆ ಲಲಾಟ. ಅಲ್ಲಿ ಎರಡು ಆನೆಗಳ ನಡುವೆ ಕೂತ ಗಜಲಕ್ಷ್ಮಿ ಈ ಕಡೆಯ ಗುಡಿಗಳಲ್ಲಿ ಬಹಳ ಸಾಮಾನ್ಯ. ಲಲಾಟದಲ್ಲಿ ಗಜಲಕ್ಷ್ಮಿ ಇದ್ದಾಳೆಂದು ಗುಡಿಯೇ ಲಕ್ಷ್ಮಿಯದು ಎಂದುಕೊಳ್ಳುವುದು ಅನೇಕರು ಮಾಡುವ ತಪ್ಪು.

ಇಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಕಲ್ಲಿನಿಂದ. ಬಾದಾಮಿ, ಪಟ್ಟದಕಲ್ಲುಗಳದು ಮರಳುಗಲ್ಲು. ಅದರ ಕಣ ಸ್ಫಟಿಕ, ಗಡಸುತನ 10ರ ಮಾಪನದಲ್ಲಿ 7. ಲಕ್ಕುಂಡಿಯದು ಬಳಪದ ಕಲ್ಲಿನ ಜಾತಿ, ಭೂವಿಜ್ಞಾನದ ಹೆಸರಲ್ಲಿ ಕ್ಲೋರೈಟ್ ಶಿಸ್ಟ್. ಇದರ ಮುಖ್ಯ ಖನಿಜದ ಗಡಸುತನ 2ರಿಂದ 2.5, ಅಂದರೆ ನಮ್ಮ ಉಗುರಿನಷ್ಟೇ. ಕಣ ನುಣುಪು, ಉಳಿ ಇಟ್ಟ ಕಡೆ ನಿಲ್ಲುತ್ತದೆ, ಆಭರಣದ ಮಣಿಯನ್ನೂ ಬಿಡಿಸಬಹುದು. ಮರಳುಗಲ್ಲಿನಂತೆ ಭಾರಿ ತುಂಡುಗಳಾಗಿ ತಂದು ಕಟ್ಟುವ ಬದಲು ಚಿಕ್ಕ ತುಂಡುಗಳನ್ನು ತಂದು ಕೂಡಿಸಿದರು. ಗೋಡೆಯಲ್ಲಿ ಸಂದುಗಳನ್ನು ಹುಡುಕಿದರೆ ಇದು ಕಣ್ಣಿಗೇ ಗೊತ್ತಾಗುತ್ತದೆ. ಇದೇ ಗುಣ ಕಲ್ಲಿನ ಶತ್ರುವೂ ಹೌದು. ಒಂದು ನಾಣ್ಯದ ಅಂಚು ಈ ಕಲ್ಲಿಗಿಂತ ಗಟ್ಟಿ. ಹೆಸರು ಗೀಚಲು ಐದು ಸೆಕೆಂಡು ಸಾಕು, ಅಳಿಸಲು ದಾರಿಯೇ ಇಲ್ಲ. ಎಣ್ಣೆ, ಕುಂಕುಮ ಕಲ್ಲಿನ ಪದರದೊಳಗೆ ಇಳಿದು ಧೂಳನ್ನು ಹಿಡಿದು ಜಿಗುಟು ಕಪ್ಪಾಗಿ ನಿಲ್ಲುತ್ತವೆ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಗಳಿಗೆ ಕಾನೂನಿಗಿಂತ ಉಗುರಿನ ಲೆಕ್ಕ ಹೇಳಿ, ಬೇಗ ನಾಟುತ್ತದೆ.

ಒಳಗಿನ ಕಂಬಗಳು ಇನ್ನೊಂದು ಸೋಜಿಗ. ನುಣ್ಣಗೆ ದುಂಡಗೆ, ಮೇಲಿನಿಂದ ಕೆಳಗೆ ಬಳೆ ಜೋಡಿಸಿದಂಥ ಗೆರೆಗಳು. ಇವು ತಿರುಗಣಿಯಲ್ಲಿ ಕಡೆದ ಕಂಬಗಳು. ಕಂಬವನ್ನು ನಿಲ್ಲಿಸಿ ತಿರುಗಿಸುತ್ತಿದ್ದರೋ ಮಲಗಿಸಿಯೋ ಎಂಬುದರ ಬಗ್ಗೆ ವಿದ್ವಾಂಸರ ವಾದ ಇನ್ನೂ ನಡೆದಿದೆ. ಕಡೆದದ್ದೆಂದು ಗುರುತಿಸುವ ಬಗೆ ಸರಳ: ಟಾರ್ಚನ್ನು ಕಂಬದ ಪಕ್ಕಕ್ಕೆ ತಂದು ಬೆಳಕನ್ನು ಮೈಗೆ ಸವರುವಂತೆ ಬಿಡಿ. ಸಣ್ಣ ಗೀರುಗಳು ಸುತ್ತಲೂ ಒಂದೇ ಮಟ್ಟದಲ್ಲಿ ಓಡಿದ್ದರೆ ತಿರುಗಣಿಯ ಕೆಲಸ. ನಕ್ಷತ್ರದ ಮೂಲೆಗಳಿರುವ ಕಂಬವನ್ನು, ಮೈಮೇಲೆ ಮೂರ್ತಿಗಳಿರುವ ಕಂಬವನ್ನು ತಿರುಗಣಿಯಲ್ಲಿ ಮಾಡಲಾಗದು, ಅಲ್ಲಿರುವುದು ಉಳಿಯಿಂದ ಮಾಡಿದ ಕೆಲಸ. ಒಂದೇ ಕಂಬದಲ್ಲಿ ಬುಡ ಚೌಕವಾಗಿ, ನಡು ದುಂಡಾಗಿ ಇದ್ದರೆ ಎರಡೂ ಕೆಲಸ ಕೂಡಿದೆ ಎಂದರ್ಥ. ಪಕ್ಕದ ನನ್ನೇಶ್ವರ ಗುಡಿ ಚಿಕ್ಕದು, ಕಾಶಿವಿಶ್ವೇಶ್ವರಕ್ಕಿಂತ ಹಿಂದಿನದು. ಅದೇ ಕಲ್ಪನೆಯ ಸರಳ ರೂಪ ಅಲ್ಲಿದೆ. ಹತ್ತು ನಿಮಿಷ ಸಾಕು, ಆದರೆ ಬಿಡಬೇಡಿ. ಎರಡನ್ನೂ ಜೋಡಿಯಾಗಿ ನೋಡಿದರೆ ಕುಸುರಿ ಎಲ್ಲೆಲ್ಲಿ ಹೆಚ್ಚಾಯಿತೆಂದು ತಾನಾಗಿ ತಿಳಿಯುತ್ತದೆ.

ಅಲ್ಲಿಂದ ಬ್ರಹ್ಮಜಿನಾಲಯ, ಅಂದರೆ ಸಂಗ್ರಹಾಲಯದ ಪಕ್ಕದ ಬಸದಿ. ದಾನಚಿಂತಾಮಣಿ ಅತ್ತಿಮಬ್ಬೆ ಇದನ್ನು ಕಟ್ಟಿಸಿದ್ದನ್ನು ಇಲ್ಲಿಯ 1007ರ ಶಾಸನ ಹೇಳುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು, ರನ್ನನಿಗೆ ಆಶ್ರಯ ಕೊಟ್ಟವಳು ಇವಳೇ. ಮಗಳ ಪಠ್ಯದಲ್ಲಿ ಇವಳ ಹೆಸರು ಬಂದಿರಬಹುದು. ಹೊಯ್ಸಳರು ಕಟ್ಟಿಸಿದ ಬೇಲೂರಿನ ಚೆನ್ನಕೇಶವ ಗುಡಿ 1117ರದು. ಬಳಪದ ಕಲ್ಲಿನ ಕುಸುರಿ ಎಂದರೆ ಹೊಯ್ಸಳರೇ ಎಂದು ಹೇಳುವವರಿಗೆ ಈ 110 ವರ್ಷದ ಅಂತರವನ್ನು ತೋರಿಸಿ. ಲಕ್ಕುಂಡಿ ಆಗ ಚಾಲುಕ್ಯರ ಕೈಯಲ್ಲಿದ್ದ ಲೊಕ್ಕಿಗುಂಡಿ, ಟಂಕಸಾಲೆಯ ಊರು. ಲೊಕ್ಕಿಗದ್ಯಾಣ ಎಂಬ ಹೊನ್ನಿನ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಅಷ್ಟು ಹಣ ಓಡಾಡಿದ್ದರಿಂದಲೇ ಇಷ್ಟು ಗುಡಿ. ಹೊಯ್ಸಳರು ಇಲ್ಲಿಗೆ ಬಂದದ್ದು ಆಮೇಲೆ. ಇಮ್ಮಡಿ ವೀರಬಲ್ಲಾಳ 1192ರ ಸುಮಾರಿಗೆ ಈ ಊರನ್ನು ನೆಲೆಯಾಗಿ ಮಾಡಿಕೊಂಡಿದ್ದ.

ಬಸದಿಯ ಹೊರಗೋಡೆ ಕಾಶಿವಿಶ್ವೇಶ್ವರದಷ್ಟು ತುಂಬಿಲ್ಲ, ಗೆರೆಗಳೆಲ್ಲ ಬಿಗಿಯಾಗಿವೆ. ಇದು ಬಡತನವಲ್ಲ, ಒಂದು ಸಂಯಮ. ಒಳಗೆ ನವರಂಗದಲ್ಲಿ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ, ನಾಲ್ಕನೆಯ ಮುಖ ಎಲ್ಲಿದೆ ಎಂದು ಮಗಳಿಗೆ ಹುಡುಕಲು ಹೇಳಿ. ಮೆಟ್ಟಿಲು ಹತ್ತಲು ಅವ್ವನಿಗೆ ಕೈಯಾಸರೆ ಬೇಕಾಗುತ್ತದೆ. ಹತ್ತಲಾಗದಿದ್ದರೆ ಅಂಗಳದ ನೆರಳಲ್ಲಿ ಕೂತು ಶಿಖರ ನೋಡಲಿ, ಅದು ದೂರದಿಂದಲೇ ಚೆನ್ನ.

ಈಗ ಸಂಗ್ರಹಾಲಯ. ಫಲಕ ಓದಬೇಡಿ, ಮೊದಲ ಸುತ್ತಿಗೆ ಕಣ್ಣು ಮಾತ್ರ. ಪ್ರತಿ ಕಲ್ಲಿನ ಬೆನ್ನು ನೋಡಲು ಸಾಧ್ಯವಿದ್ದಲ್ಲೆಲ್ಲ ಪಕ್ಕಕ್ಕೆ ಹೋಗಿ ನೋಡಿ. ಬೆನ್ನು ಉಳಿಯೇಟಿನ ಒರಟಾಗಿದ್ದರೆ ಅದು ಗೋಡೆಗೆ ಒತ್ತಿ ಕೂತ ಕಲ್ಲು. ಬೆನ್ನೂ ನುಣುಪಾಗಿದ್ದರೆ ಸುತ್ತ ತಿರುಗಿ ನೋಡುವಂತೆ ಇಟ್ಟದ್ದು. ಬುಡದಲ್ಲಿ ಮೊಳೆಯಂತೆ ಚಾಚಿದ ಭಾಗ ಇದ್ದರೆ ಅದು ಪೀಠದ ಗುಳಿಯಲ್ಲಿ ಇಳಿದು ನಿಲ್ಲುತ್ತಿದ್ದ ಪೂಜಾಮೂರ್ತಿ. ತಲೆಯಲ್ಲೂ ಕಾಲಲ್ಲೂ ಅಂಥ ಚಾಚು ಇದ್ದು ಮೈ ಮುಂದಕ್ಕೆ ವಾಲಿದ್ದರೆ ಕಂಬದ ತಲೆಗೆ ಸಿಕ್ಕಿಸಿದ ಹೆಣ್ಣಿನ ಮೂರ್ತಿ, ಮದನಿಕೆ. ಅದನ್ನು ನೆಟ್ಟಗೆ ನಿಲ್ಲಿಸಿ ಪ್ರದರ್ಶಿಸಿದರೆ ಮುಖ ನೆಲ ನೋಡುವಂತೆ ಕಾಣುತ್ತದೆ, ಶಿಲ್ಪಿಯ ತಪ್ಪು ಎಂದುಕೊಳ್ಳಬೇಡಿ. ಮೇಲಿದ್ದು ಕೆಳಗೆ ನಿಂತವರನ್ನು ನೋಡಲು ಮಾಡಿದ ಮುಖ ಅದು. ಬೇಕಿದ್ದರೆ ಮಗಳು ಅದರ ಎದುರು ಕುಕ್ಕರುಗಾಲಲ್ಲಿ ಕೂತು ಮೇಲೆ ನೋಡಲಿ, ಮುಖದ ಅಳತೆ ಕೂಡಲೇ ಸರಿಹೋಗುತ್ತದೆ. ಬಾಯಿ ತೆರೆದ ಮೊಸಳೆಯ ಮುಖ, ಗಂಟಲಲ್ಲಿ ತೂತು ಇದ್ದರೆ ಪ್ರಣಾಳ. ಅಭಿಷೇಕದ ನೀರು ಹೊರಬೀಳುವ ದೋಣಿ ಅದು, ಗರ್ಭಗುಡಿಯ ಉತ್ತರ ಗೋಡೆಯದು.

ಹೆಚ್ಚಿನ ಪ್ರವಾಸಿಗರು ತಪ್ಪು ಓದುವ ಕಲ್ಲು ಒಂಬತ್ತು ಮನೆಯ ಚೌಕ ಚಪ್ಪಡಿ. ನಡುವೆ ನಟರಾಜ ಇಲ್ಲವೇ ಕಮಲ, ಸುತ್ತ ಎಂಟು ದಿಕ್ಪಾಲಕರು. ಇದು ಭುವನೇಶ್ವರಿ, ನವರಂಗದ ನಡು ಅಂಕಣದ ಛಾವಣಿ. ಇಂಥ ಚಪ್ಪಡಿ ಎಲ್ಲೇ ಸಿಕ್ಕರೂ ವಾಹನಗಳಿಂದ ಗುರುತು ಹಿಡಿಯಿರಿ: ಪೂರ್ವಕ್ಕೆ ಆನೆಯ ಇಂದ್ರ, ಆಗ್ನೇಯಕ್ಕೆ ಟಗರಿನ ಅಗ್ನಿ, ದಕ್ಷಿಣಕ್ಕೆ ಕೋಣದ ಯಮ, ನೈಋತ್ಯಕ್ಕೆ ಮನುಷ್ಯನ ಮೇಲೇರಿದ ನಿರೃತಿ, ಪಶ್ಚಿಮಕ್ಕೆ ಮಕರದ ವರುಣ, ವಾಯವ್ಯಕ್ಕೆ ಜಿಂಕೆಯ ವಾಯು, ಉತ್ತರಕ್ಕೆ ಕುಬೇರ, ಈಶಾನ್ಯಕ್ಕೆ ಎತ್ತಿನ ಈಶಾನ. ಈಗ ತೊಡಕು. ಛಾವಣಿಯಲ್ಲಿದ್ದಾಗ ಚಪ್ಪಡಿಯ ಮುಖ ಕೆಳಗಿತ್ತು. ಗೋಡೆಗೆ ಆನಿಸಿ ನಿಲ್ಲಿಸಿದಾಗ ಉತ್ತರ ಮೇಲಿದ್ದರೆ ಪೂರ್ವ ನಿಮ್ಮ ಎಡಕ್ಕೆ ಬರುತ್ತದೆ, ಶಾಲೆಯ ನಕಾಶೆಯಂತೆ ಬಲಕ್ಕಲ್ಲ. ಹಾಗಾಗಿ ಇಂದ್ರನಿಂದ ಶುರುಮಾಡಿ ಅಗ್ನಿ, ಯಮ ಎಂದು ಓದುತ್ತ ಹೋದರೆ ಸುತ್ತು ಅಪ್ರದಕ್ಷಿಣೆಯಾಗುತ್ತದೆ. ದಿಕ್ಕುಗಳು ತಲೆಕೆಳಗಾಗಿವೆ ಎಂದು ಗೊಂದಲಪಡಬೇಡಿ. ಮೊಬೈಲಿನಲ್ಲಿ ಚಿತ್ರ ತೆಗೆದು, ಮೊಬೈಲಿನ ಪರದೆಯನ್ನು ತಲೆಯ ಮೇಲೆ ಮುಖ ಕೆಳಗಾಗಿ ಹಿಡಿದು ನೋಡಿ. ಎಲ್ಲ ದಿಕ್ಕೂ ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಹತ್ತನೇ ತರಗತಿಯವರಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ.

ಎರಡನೇ ಸುತ್ತಿಗೆ ಹೆಸರು. ಕೈಯಲ್ಲಿ ಹಿಡಿದದ್ದೇ ದೇವರ ಗುರುತು, ಆದರೆ ಮುರಿದ ಮೂರ್ತಿಯಲ್ಲಿ ಮೊದಲು ಹೋಗುವುದು ಕೈ, ಮೂಗು, ಆಯುಧದ ತುದಿ. ಮುಂದೆ ಚಾಚಿದ ತೆಳು ಭಾಗ ಯಾವಾಗಲೂ ಮೊದಲು ಒಡೆಯುತ್ತದೆ. ದಾಳಿಯಿಂದಲೂ ಒಡೆದಿವೆ, ಗೋಡೆ ಕುಸಿದು ಬಿದ್ದು ಒಡೆದದ್ದೂ ಬೇಕಾದಷ್ಟು, ಎಲ್ಲ ಮುರುಕಿಗೂ ಒಂದೇ ಕಾರಣ ಹೇಳುವವರ ಮಾತು ನಂಬಬೇಡಿ. ಮುರಿದ ಜಾಗದ ಬಣ್ಣ ಉಳಿದ ಮೈಯ ಬಣ್ಣದಷ್ಟೇ ಕಪ್ಪಾಗಿದ್ದರೆ ಹಳೆಯ ಮುರುಕು, ಬೂದಿಹಸಿರಾಗಿ ತಾಜಾ ಕಂಡರೆ ಇತ್ತೀಚಿನದು.

ಕೈ ಹೋಗಿದ್ದರೆ ಪೀಠಕ್ಕೆ ಇಳಿಯಿರಿ. ಏಳು ಕುದುರೆ ಇದ್ದರೆ ಸೂರ್ಯ. ಎರಡು ಕೈ ಉಳಿದಿದ್ದರೆ ಭುಜದ ಮಟ್ಟಕ್ಕೆ ಎರಡು ಅರಳಿದ ಕಮಲ ಇರುತ್ತವೆ. ಗರುಡ ಇದ್ದರೆ ವಿಷ್ಣು. ವಿಷ್ಣುವಿನ ನಾಲ್ಕು ಕೈಯೂ ಉಳಿದಿದ್ದರೆ ಇನ್ನೊಂದು ಹೆಜ್ಜೆ ಹೋಗಬಹುದು, ಏಕೆಂದರೆ 24 ರೂಪಗಳ ಹೆಸರು ಆಯುಧದ ಕ್ರಮದಿಂದ ಬರುತ್ತದೆ. ಎಣಿಕೆ ಮೂರ್ತಿಯ ಕೆಳಗಿನ ಬಲಗೈಯಿಂದ ಶುರು, ನೋಡುವ ನಮಗೆ ಅದು ಎಡಬದಿ. ಅಲ್ಲಿಂದ ಮೇಲಿನ ಬಲಗೈ, ಮೇಲಿನ ಎಡಗೈ, ಕೊನೆಗೆ ಕೆಳಗಿನ ಎಡಗೈ. ಪದ್ಮ, ಶಂಖ, ಚಕ್ರ, ಗದೆ ಬಂದರೆ ಕೇಶವ. ಶಂಖ, ಪದ್ಮ, ಗದೆ, ಚಕ್ರ ಬಂದರೆ ನಾರಾಯಣ. ನಿಮ್ಮವ್ವ ಸಂಧ್ಯಾವಂದನೆಯ ಕೇಶವನಾಮಗಳನ್ನು ಕೇಳಿ ಬಲ್ಲವರಾದರೆ ಅವರೇ ಮಗಳಿಗಿಂತ ಮುಂದೆ ಓಡುತ್ತಾರೆ.

ಉದ್ದ ಚಪ್ಪಡಿಯಲ್ಲಿ ಸಾಲಾಗಿ ಕೂತ ಹೆಣ್ಣುಗಳು ಸಪ್ತಮಾತೃಕೆಯರು. ಒಂದು ತುದಿಗೆ ವೀರಭದ್ರ, ಇನ್ನೊಂದಕ್ಕೆ ಗಣಪ. ಹಂಸ ಇದ್ದವಳು ಬ್ರಾಹ್ಮಿ, ನವಿಲಿನವಳು ಕೌಮಾರಿ, ಎಲುಬುಗೂಡಿನ ಮೈಯವಳು ಚಾಮುಂಡೆ. ಜಿನಮೂರ್ತಿಗಳಲ್ಲಿ ಮುಖ, ಮೈ ಎಲ್ಲವೂ ಒಂದೇ ಥರ ಇರುವುದು ಉದ್ದೇಶಪೂರ್ವಕ. ತಲೆಯ ಮೇಲೆ ಮುಕ್ಕೊಡೆ ಎಲ್ಲರಿಗೂ ಇರುತ್ತದೆ. ಏಳು ಹೆಡೆ ಇದ್ದರೆ ಪಾರ್ಶ್ವನಾಥ, ಐದಿದ್ದರೆ ಸುಪಾರ್ಶ್ವ, ಹೆಗಲ ಮೇಲೆ ಇಳಿದ ಕೂದಲಿದ್ದರೆ ಆದಿನಾಥ. ಇವು ಯಾವುವೂ ಇಲ್ಲದಿದ್ದರೆ ಪೀಠದ ಲಾಂಛನ ಹುಡುಕಿ, ಸಿಂಹ ಮಹಾವೀರನದು. ಲಾಂಛನವೂ ಸಿಗದಿದ್ದರೆ ಪಕ್ಕದ ಯಕ್ಷ–ಯಕ್ಷಿಯರಿಂದ ಊಹಿಸಬೇಕು, ಅದು ಪರಿಣತರಿಗೂ ಕಷ್ಟ.

ವೀರಗಲ್ಲು ಕಂಡರೆ ಕೆಳಗಿನಿಂದ ಓದಿ, ಮೇಲಿನಿಂದಲ್ಲ. ಕೆಳ ಪಟ್ಟಿಯಲ್ಲಿ ಕಾಳಗ, ಅಲ್ಲಿ ದನಗಳಿದ್ದರೆ ತುರುಗೋಳು, ಅಂದರೆ ದನ ಹಿಡಿದೊಯ್ದ ಜಗಳ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು. ಮೇಲೆ ಲಿಂಗ ಇಲ್ಲವೇ ಜಿನ, ಅವನೆದುರು ಕೂತ ವೀರ. ತುದಿಗೆ ಸೂರ್ಯ–ಚಂದ್ರ. ಕಂಬದಿಂದ ಹೊರಟ ಬಳೆಗೈ ಇದ್ದರೆ ಮಾಸ್ತಿಕಲ್ಲು, ಅಂದರೆ ಸತಿಹೋದವಳ ನೆನಪಿನ ಕಲ್ಲು. ಹಸು–ಕರು, ಕತ್ತಿ, ಸೂರ್ಯ–ಚಂದ್ರ ಮಾತ್ರ ಇದ್ದು ಕೆಳಗೆ ಬರೀ ಬರಹ ತುಂಬಿದ್ದರೆ ದಾನಶಾಸನ.

ಶಾಸನ ಓದಲು ಒಂದು ಚಿಕ್ಕ ಸಾಹಸ ಮಾಡಿ. 11–12ನೇ ಶತಮಾನದ ಲಿಪಿಯಲ್ಲಿ ಗ, ಟ, ಠ, ರ, ಲ ಇಂದಿನವಕ್ಕೆ ಹತ್ತಿರ, ಮೊದಲು ಅವನ್ನು ಹಿಡಿಯಿರಿ. ಆಮೇಲೆ ಮೊದಲ ಸಾಲುಗಳಲ್ಲಿ 'ಸ್ವಸ್ತಿ ಸಮಸ್ತಭುವನಾಶ್ರಯ' ಹುಡುಕಿ, ಚಾಲುಕ್ಯ ಅರಸರ ಬಿರುದುಗಳು ಅಲ್ಲಿಂದ ಶುರುವಾಗುತ್ತವೆ. ಶೈವ ಶಾಸನ 'ನಮಸ್ತುಂಗ'ದಿಂದ, ಜೈನ ಶಾಸನ 'ಶ್ರೀಮತ್ಪರಮಗಂಭೀರ'ದಿಂದ ತೊಡಗುವುದು ರೂಢಿ. ಶಕವರ್ಷ ಸಿಕ್ಕರೆ 78 ಕೂಡಿಸಿ. ಚಾಲುಕ್ಯವಿಕ್ರಮವರ್ಷ ಸಿಕ್ಕರೆ 1075 ಕೂಡಿಸಿ, ಆ ಶಕೆ ಆರನೆಯ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ 1076ರಿಂದ ಮೊದಲಾದದ್ದು. ಅಕ್ಷರ ಕಾಣಲಿಲ್ಲವೆಂದು ಸುಣ್ಣದಕಡ್ಡಿ ಉಜ್ಜುವುದು, ವಿಭೂತಿ ತುಂಬುವುದು, ನೀರು ಸುರಿಯುವುದು ಬೇಡ. ಟಾರ್ಚನ್ನು ಕಲ್ಲಿನ ಪಕ್ಕದಿಂದ, ಕಲ್ಲಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಬರುತ್ತದೆ. ಒಬ್ಬರು ಟಾರ್ಚು ಹಿಡಿಯಬೇಕು, ಇನ್ನೊಬ್ಬರು ಚಿತ್ರ ತೆಗೆಯಬೇಕು, ಒಬ್ಬರೇ ಎರಡೂ ಮಾಡಲು ಹೋದರೆ ಬೆಳಕು ಎದುರಿನಿಂದಲೇ ಬಿದ್ದು ಚಿತ್ರ ಚಪ್ಪಟೆಯಾಗುತ್ತದೆ. ಮೊಬೈಲಿನ ಫ್ಲ್ಯಾಶ್ ಹಾಳು ಮಾಡುವುದೂ ಇದನ್ನೇ. ಟ್ರೈಪಾಡಿಗೆ ಪ್ರತ್ಯೇಕ ಅನುಮತಿ ಬೇಕು. ಸಂಗ್ರಹಾಲಯದ ಒಳಗೆ ಕ್ಯಾಮೆರಾ ತೆಗೆಯುವ ಮೊದಲು ಕಾವಲಿನವರನ್ನು ಕೇಳಿ.

ಮಗಳ ಕೈಗೆ ಒಂದು ನೋಟುಪುಸ್ತಕ ಮತ್ತು ಪೆನ್ಸಿಲ್ ಕೊಡಿ, ಪೆನ್ನು ಬೇಡ, ಶಾಯಿ ಸಿಡಿದರೆ ಕಲ್ಲಿನ ಮೇಲೆ ಕಲೆ ನಿಲ್ಲುತ್ತದೆ. ಎಲ್ಲವನ್ನೂ ಬರೆಯುವುದು ಬೇಡ, ಐದೇ ಕಲ್ಲು ಆರಿಸಲಿ. ಪ್ರತಿಯೊಂದಕ್ಕೂ ಅಂದಾಜು ಎತ್ತರ ಮತ್ತು ಅಗಲ ಗೇಣಿನಲ್ಲಿ, ಮುಟ್ಟದೆ. ಬೆನ್ನು ಒರಟೋ ನುಣುಪೋ, ಚಾಚು ಇದೆಯೋ, ಗುಡಿಯಲ್ಲಿ ಎಲ್ಲಿದ್ದಿರಬಹುದು ಎಂಬ ಊಹೆ. ಇಷ್ಟಾದ ಮೇಲೆ ಫಲಕ ಓದಲಿ.

ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ. ಅವ್ವ ದಣಿದಿದ್ದರೆ ಇಲ್ಲಿ ಒಂದು ತಾಸು ವಿಶ್ರಾಂತಿ. ನೀವು ಮತ್ತು ಮಗಳು ಆ ಹೊತ್ತಿನಲ್ಲಿ ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿಗೆ ಹೋಗಿಬನ್ನಿ. ಮೆಟ್ಟಿಲುಬಾವಿ, ಗೋಡೆಗಳಲ್ಲಿ ಪುಟ್ಟ ಗುಡಿಗಳಂಥ ಗೂಡುಗಳು. ಬೆಳಿಗ್ಗೆ ಕಾಶಿವಿಶ್ವೇಶ್ವರದ ಗೋಡೆಯಲ್ಲಿ ಕಂಡ ಕಿರುಗೋಪುರಗಳೇ ಇಲ್ಲಿ ನೀರಿಗಿಳಿದಿವೆ. ನೂರಾಒಂದು ಗುಡಿ, ನೂರಾಒಂದು ಬಾವಿ ಎಂಬುದು ಊರಿನ ಮಾತು. ಮೆಟ್ಟಿಲು ಕಡಿದು, ಪಾಚಿ ಕಟ್ಟಿದ ದಿನ ಜಾರುತ್ತವೆ. ಮಳೆಗಾಲದಲ್ಲಿ ಮೇಲಿನಿಂದಲೇ ನೋಡಿ. ಅವ್ವನನ್ನು ಇಲ್ಲಿಗೆ ಇಳಿಸುವ ಯೋಚನೆಯೇ ಬೇಡ.

ಮೂರೂವರೆಗೆ ಮತ್ತೆ ಕಾಶಿವಿಶ್ವೇಶ್ವರಕ್ಕೆ. ಹೌದು, ಎರಡನೇ ಸಲ, ಇಪ್ಪತ್ತು ನಿಮಿಷ. ಬೆಳಿಗ್ಗೆ ನೆರಳಲ್ಲಿದ್ದ ಪಶ್ಚಿಮದ ಗೋಡೆಗೆ ಈಗ ಬಿಸಿಲು. ನೋಟುಪುಸ್ತಕದ ಐದು ಕಲ್ಲುಗಳಲ್ಲಿ ಒಂದು ದೇವಕೋಷ್ಠದ ಮೂರ್ತಿಯಾಗಿದ್ದರೆ, ಇಲ್ಲಿಯ ಖಾಲಿ ಕೋಷ್ಠದ ಎದುರು ನಿಂತು ಗೇಣು ಲೆಕ್ಕ ಹಾಕಿ. ಇದೇ ಗೂಡಿನದು ಎಂದು ಹೇಳಲಾಗದು, ಆದರೆ ಇಂಥ ಗೂಡಿನದು ಹೌದೋ ಅಲ್ಲವೋ ಎಂದು ಹೇಳಬಹುದು. ಎತ್ತರ ಸರಿಹೊಂದಿ ಅಗಲ ಹೆಚ್ಚಾದರೆ ಅದು ಗೋಡೆಯದಲ್ಲ, ಗರ್ಭಗುಡಿಯದೋ ನವರಂಗದ ಗೂಡಿನದೋ ಇರಬೇಕು.

ಸಮಯ ಉಳಿದರೆ ಹಿಂದಿರುಗುವಾಗ ಗದಗದ ತ್ರಿಕೂಟೇಶ್ವರ ಗುಡಿಯ ಆವರಣದ ಸರಸ್ವತಿ ಗುಡಿ ನೋಡಿ. ಮುಖಮಂಟಪದ ಕಂಬಗಳು ಲಕ್ಕುಂಡಿಯ ತಿರುಗಣಿ ಕಂಬಗಳಿಗೆ ಪೂರ್ತಿ ವಿರುದ್ಧ ದಾರಿ ಹಿಡಿದಿವೆ: ಮೈತುಂಬ ಉಳಿಯ ಕೆಲಸ, ಮಣಿ, ಕಿರುಮೂರ್ತಿ. ಒಂದು ಕಂಬಕ್ಕೇ ಹದಿನೈದು ನಿಮಿಷ ಕೊಡಿ. ಇದು ಪೂಜೆ ನಡೆಯುವ ಆವರಣ, ಆರತಿಯ ಹೊತ್ತಿನಲ್ಲಿ ಟಾರ್ಚು ಆರಿಸಿ. ಡಂಬಳದ ದೊಡ್ಡಬಸಪ್ಪ ಗುಡಿಯನ್ನು ಇದೇ ದಿನಕ್ಕೆ ತುರುಕಬೇಡಿ. ಅದರ 24 ಮೂಲೆಯ ನಕ್ಷತ್ರಾಕಾರದ ತಳವಿನ್ಯಾಸವನ್ನು ಸುತ್ತುಹಾಕಿ ಎಣಿಸಲಿಕ್ಕೇ ಒಂದು ಪೂರ್ತಿ ಮುಂಜಾನೆ ಬೇಕು. ಹೊರಡುವ ಮೊದಲು ಒಂದು ತಾಲೀಮು ಬೇಕೆನಿಸಿದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹದಲ್ಲಿ ವೀರಗಲ್ಲು, ಶಾಸನ, ಮೂರ್ತಿಗಳಿವೆ. ವಿಶ್ವವಿದ್ಯಾಲಯದ ಕೆಲಸದ ದಿನ ನೋಡಿಕೊಂಡು ಹೋಗಿ.

ಗದಗ ಬಿಡುವ ಮುಂಚೆ ಬಿಸಿ ಮಿರ್ಚಿ ತಿನ್ನುವುದಿದ್ದರೆ ಗುಡಿ ನೋಡಿ ಮುಗಿದ ಮೇಲೆ ತಿನ್ನಿ. ಎಣ್ಣೆಗೈ ಆ ಕಂಬಗಳಿಗೆ ತಗಲಬಾರದು.